ಹಡಗಿಗೊಂದು ತಂತಿ

ಮೇ ತಿಂಗಳಲ್ಲಿ ನಮ್ಮ ಬಂದರಿನ ಹೆಂಗಸರಿಗೆಲ್ಲ ಒಂದೇ ಕೆಲಸ. ಬೇಯಿಸಿ ಉಪ್ಪು ಹಾಕಿದ ಕಡಲಸೊಪ್ಪನ್ನು ರಾಶಿ ಹಾಕಿಕೊಂಡು ಉದ್ದನೆಯ ಮೇಜಿನ ಸುತ್ತ ಕೂತು, ಒಂದೊಂದೇ ಎಲೆಯ ನಡುನಾರನ್ನು ಉಗುರಿನಿಂದ ಸೀಳಿ ತೆಗೆಯುವುದು. ಕೈಗೆ ಮಾತ್ರ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ಊರಿನ ಸುದ್ದಿಯೆಲ್ಲ ಆ ಮೇಜಿನ ಮೇಲೆ ಹಾದುಹೋಗುತ್ತದೆ. ಚಿಹಾರು ಬಸುರಿ ಎಂಬ ಸುದ್ದಿ ಮಾತ್ರ ಹಾದುಹೋಗಿರಲಿಲ್ಲ. ಪಕ್ಕದ ಮನೆಯವಳಾದ ನನ್ನೊಬ್ಬಳಿಗೆ ಅದು ಗೊತ್ತಿತ್ತು. ಬೆಳಿಗ್ಗೆ ಅವಳು ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುವುದು ನನ್ನ ಅಡುಗೆಮನೆಯ ಕಿಟಕಿಗೆ ಕೇಳಿಸುತ್ತಿತ್ತು.

ಆಗ ಅವಳಿಗೆ ಇಪ್ಪತ್ತೇಳು. ಬೆಟ್ಟದ ಕಡೆಯ ಊರಿಂದ ಮದುವೆಯಾಗಿ ಬಂದು ಎರಡು ವರ್ಷ ಆಗಿತ್ತು. ಗಂಡ ಸೇಯಿಚಿ ದೂರದ ಟ್ಯೂನಾ ಹಡಗಿನವನು. ಏಪ್ರಿಲ್ ಮೊದಲ ವಾರದಲ್ಲಿ ಹೊರಟರೆ ಆಫ್ರಿಕಾದ ತುದಿಯ ಸಮುದ್ರದಲ್ಲೆಲ್ಲ ತಿರುಗಿ, ಬರುವುದು ಮುಂದಿನ ಫೆಬ್ರವರಿಗೆ. ಹೊರಡುವಾಗ ಬಸಿರಿನ ವಿಷಯ ಅವನಿಗೂ ಗೊತ್ತಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಮಾವ ತೋಕುಜಿ. ಅತ್ತೆ ಶಿಗೆ ತೀರಿಕೊಂಡು ಆರು ವರ್ಷವಾಗಿತ್ತು.

ಹತ್ತು ಗಂಟೆಯ ಚಹಾಕ್ಕೆ ಎಲ್ಲರೂ ಏಳುತ್ತಿದ್ದೆವು. ಚಿಹಾರು ಎದ್ದವಳು ಎರಡು ಹೆಜ್ಜೆ ಹೋಗಿ ಮೇಜಿನ ಅಂಚು ಹಿಡಿದು ನಿಂತುಬಿಟ್ಟಳು.

"ಕಿನು ಅಕ್ಕ, ಒಂಚೂರು ಬರ್ತೀರಾ," ಅಂದಳು. ದನಿ ಸಣ್ಣಗಿತ್ತು.

ಪಾತ್ರೆ ತೊಳೆಯುವ ಕಡೆ ಕರೆದುಕೊಂಡು ಹೋಗಿ ರಬ್ಬರಿನ ಏಪ್ರನ್ನು ಎತ್ತಿ ನೋಡಿದೆ. ಒಳಗಿನ ಬಟ್ಟೆ ನೆನೆದಿತ್ತು. ಕೆಂಪಗೆ, ಹೊಸ ರಕ್ತ. ಕೊರಳಿಗೆ ಸುತ್ತಿಕೊಂಡಿದ್ದ ಟವೆಲನ್ನು ಮಡಚಿ ಅವಳಿಗೆ ಕೊಟ್ಟು, ಉಪ್ಪಿನ ಚೀಲದ ಮೇಲೆ ಕೂರಿಸಿ, ತೋಕುಜಿಯಣ್ಣನ ಮನೆಗೆ ಓಡಿದೆ.

ಅವರು ಅಂಗಳದಲ್ಲಿ ಈರುಳ್ಳಿ ಪಾತಿಯ ಕಳೆ ತೆಗೆಯುತ್ತಿದ್ದರು. ನಾನು ಅರ್ಧ ಹೇಳುವಷ್ಟರಲ್ಲಿ ಕೈಯ ಮಣ್ಣನ್ನೂ ತೊಳೆಯದೆ ಸಣ್ಣ ವ್ಯಾನು ತೆಗೆದರು. ಜಿಲ್ಲಾ ಆಸ್ಪತ್ರೆಗೆ ಕಡಲ ಪಕ್ಕದ ದಾರಿಯಲ್ಲಿ ಒಂದು ಗಂಟೆ. ಹಿಂದೆ ಚಿಹಾರುವನ್ನು ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ. ಅವಳು ಅಳಲಿಲ್ಲ. ನನ್ನ ತೋಳು ಹಿಡಿದ ಹಿಡಿತ ಮಾತ್ರ ಬಿಡಲಿಲ್ಲ. ತೋಕುಜಿಯಣ್ಣ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಪ್ರತಿ ತಿರುವಿನಲ್ಲೂ ವೇಗ ತಗ್ಗಿಸಿ, "ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. ಆ ದಾರಿಯಲ್ಲಿ ತಿರುವುಗಳಿಗೆ ಲೆಕ್ಕವಿಲ್ಲ.

ಡಾಕ್ಟರು ಮೂವತ್ತು ಮೂವತ್ತೆರಡರ ಹೆಣ್ಣುಮಗಳು. ಸ್ಕ್ಯಾನ್ ಮಾಡುವಾಗ ನನ್ನನ್ನೂ ಒಳಗೆ ಬಿಟ್ಟರು. ಬೂದುಬಣ್ಣದ ಪರದೆಯ ಮೇಲೆ ಹುರುಳಿಕಾಳಿನಷ್ಟು ಏನೋ ಕಂಡಿತು, ಅದರ ನಡುವೆ ಒಂದು ಚುಕ್ಕೆ ಮಿಣಮಿಣ ಅನ್ನುತ್ತಿತ್ತು.

"ಎದೆ ಬಡೀತಿದೆ ನೋಡಿ," ಅಂದರು ಡಾಕ್ಟರು. ಆಗ ಚಿಹಾರು ಅತ್ತಳು.

ಅಳು ಸ್ವಲ್ಪ ಇಳಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ. ಹಿಂದಿನ ದಿನ ಸೊಪ್ಪಿನ ತೊಟ್ಟಿ ಎತ್ತಿದ್ದೆ, ಅದಕ್ಕೇ ಹೀಗಾಯಿತಾ ಎಂದು.

"ಅಲ್ಲ," ಎಂದರು ಡಾಕ್ಟರು. "ನೀವು ಎತ್ತಿದ್ದಕ್ಕೆ, ನಡೆದದ್ದಕ್ಕೆ ಬಂದಿದ್ದಲ್ಲ ಇದು. ಆ ಯೋಚನೆಯನ್ನ ಇಲ್ಲೇ ಬಿಟ್ಟು ಹೋಗಿ."

ಕೂಸಿನ ಚೀಲದ ಪಕ್ಕದಲ್ಲಿ ಸ್ವಲ್ಪ ರಕ್ತ ಹೆಪ್ಪುಗಟ್ಟಿದೆ, ಸ್ರಾವ ಅಲ್ಲಿಂದ ಬರುತ್ತಿದೆ ಎಂದು ಅವರು ಬಿಡಿಸಿ ಹೇಳಿದರು. ಮೊದಲ ಮೂರು ತಿಂಗಳಲ್ಲಿ ರಕ್ತ ಕಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬಸಿರು ನಿಲ್ಲುತ್ತದೆ, ಎದೆ ಬಡಿತ ಕಂಡಿರುವುದು ಒಳ್ಳೆಯದು, ಆದರೂ ಈಗಲೇ ಮಾತು ಕೊಡಲಾರೆ ಎಂದರು. ನಿಂತರೂ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಉಳಿದವರಿಗಿಂತ ಒಂದಿಷ್ಟು ಜಾಸ್ತಿ ಇರುತ್ತದೆ, ಆದ್ದರಿಂದ ಕೊನೆಯ ತನಕ ತಪಾಸಣೆ ತಪ್ಪಿಸಬಾರದು. ರಕ್ತ ಜಾಸ್ತಿಯಾದರೆ, ಹೊಟ್ಟೆ ಬಿಗಿದರೆ, ನಾಳೆ ನೋಡೋಣ ಎನ್ನದೆ ಆಗಲೇ ಬರಬೇಕು. ತೋಕುಜಿಯಣ್ಣ ಬಾಗಿಲ ಹತ್ತಿರ ನಿಂತು, ಮಣ್ಣಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇದೆಲ್ಲವನ್ನೂ ಕೇಳಿಸಿಕೊಂಡರು.

ವಾಪಸು ಬರುವ ದಾರಿಯಲ್ಲಿ ಚಿಹಾರು ಬಾಯಿಬಿಟ್ಟಳು. "ಮಾವ, ಇದನ್ನ ಅವರಿಗೆ ತಿಳಿಸೋದು ಬೇಡ."

ತೋಕುಜಿಯಣ್ಣ ಮುಂದಿನ ತಿರುವಿಗೆ ವೇಗ ತಗ್ಗಿಸಿದರು.

ಅವರ ವಿಷಯ ಇಲ್ಲಿ ಹೇಳಬೇಕು. ಮೂವತ್ತು ವರ್ಷ ಅವರು ಹಡಗುಗಳಲ್ಲಿ ತಂತಿ ಕೆಲಸ ಮಾಡಿದವರು. ಊರಿಂದ ಬರುವ ಸುದ್ದಿಯೆಲ್ಲ ಅವರ ಕಿವಿಗೆ ಕಟಕಟ ಎಂದು ಬಂದು ಅವರ ಪೆನ್ಸಿಲಿನಿಂದ ಕಾಗದಕ್ಕಿಳಿಯುತ್ತಿತ್ತು. ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ತಾಯಿ ತೀರಿಕೊಂಡಳು, ಯಾರ ಹೆಂಡತಿ ತವರಿಗೆ ಹೋಗಿಬಿಟ್ಟಳು ಎಲ್ಲವೂ ಹಡಗಿನಲ್ಲಿ ಅವರಿಗೇ ಮೊದಲು ತಿಳಿಯುತ್ತಿತ್ತು. ಇಷ್ಟು ಜನರ ಗುಟ್ಟು ಹೊತ್ತವರ ಬಾಯಿ ಬಿಗಿಯಾಗುತ್ತದೆಯೋ ಏನೋ. ಮನೆಗೆ ಬಂದ ಮೇಲೂ ಅವರು ಮಾತನಾಡಿದ್ದು ಕಡಿಮೆ.

ಅಂಥವರು ಈಗ ಅಡುಗೆಗೆ ನಿಂತರು. ಹಡಗಿನಲ್ಲಿ ಅಡುಗೆಯವನಿದ್ದ, ಮನೆಯಲ್ಲಿ ಶಿಗೆ ಇದ್ದಳು, ಆಮೇಲೆ ಚಿಹಾರು ಬಂದಳು. ಅನ್ನ ಮಾಡಲು ಎಷ್ಟು ನೀರು ಬೇಕೆಂದು ಅರವತ್ತಾರನೇ ವಯಸ್ಸಿನಲ್ಲಿ ನನ್ನ ಬಾಗಿಲಿಗೆ ಬಂದು ಕೇಳಿದರು. ಮೊದಲ ವಾರದ ಗಂಜಿ ಒಂದು ದಿನ ಅಂಟಾದರೆ ಇನ್ನೊಂದು ದಿನ ಬರೀ ನೀರು. ಚಿಹಾರು ಮಲಗಿದಲ್ಲೇ ಉಪ್ಪಿನಕಾಯಿ ನೆಂಚಿಕೊಂಡು ಅಷ್ಟನ್ನೂ ಕುಡಿಯುತ್ತಿದ್ದಳು. "ಮಾವ ಬಾಗಿಲ ಹತ್ರ ನಿಂತು ನೋಡ್ತಾರೆ ಕಿನು ಅಕ್ಕ, ಬಿಡೋ ಹಾಗೇ ಇಲ್ಲ," ಎಂದು ನನ್ನ ಹತ್ತಿರ ಪಿಸುಗುಟ್ಟಿ ನಕ್ಕಳು. ಆ ಮೇ ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರಕ್ತ ನಿಲ್ಲುತ್ತಿರಲಿಲ್ಲ. ಒಂದು ದಿನ ಕಂದು, ಮಾರನೆಯ ದಿನ ಮತ್ತೆ ಕೆಂಪು. ಬಚ್ಚಲಿಗೆ ಹೋದಾಗಲೆಲ್ಲ ಅವಳು ಉಸಿರು ಹಿಡಿದುಕೊಂಡೇ ಬಟ್ಟೆ ನೋಡುತ್ತಿದ್ದಳಂತೆ. ತೋಕುಜಿಯಣ್ಣ ಪಡಸಾಲೆಯಲ್ಲಿ ನಿಂತಿರುತ್ತಿದ್ದರು, ಕೇಳುತ್ತಿರಲಿಲ್ಲ. ಮಾವನಿಗೆ ಇಂಥದ್ದನ್ನು ಹೇಳುವುದು ಅವಳಿಗೂ ಸುಲಭವಿರಲಿಲ್ಲ. ನಾಲ್ಕನೆಯ ದಿನ ಬಾಗಿಲ ಒಳಗಿಂದಲೇ, "ಕಂದು, ಮಾವ," ಅಂದಳು. ಅವತ್ತಿನಿಂದ ಅದೇ ರೂಢಿಯಾಯಿತು. ಅವರು ಹಡಗಿನ ಕಾಲದ ನೋಟುಪುಸ್ತಕವೊಂದನ್ನು ತೆಗೆದು ಗಂಟೆ ನಿಮಿಷ ಸಮೇತ ಬರೆದಿಡತೊಡಗಿದರು. ತಪಾಸಣೆಗೆ ಹೋದಾಗ ಅದನ್ನು ಡಾಕ್ಟರ ಮುಂದಿಟ್ಟರಂತೆ. ಡಾಕ್ಟರು ಎರಡು ಪುಟ ತಿರುವಿ, ಇಷ್ಟು ಸರಿಯಾಗಿ ನಮ್ಮ ನರ್ಸುಗಳೂ ಬರೆಯುವುದಿಲ್ಲ ಎಂದರಂತೆ.

ಇಪ್ಪತ್ತಮೂರನೆಯ ದಿನ ರಕ್ತ ನಿಂತಿತು. ಜೂನ್ ಕಳೆಯುವಷ್ಟರಲ್ಲಿ ಹೆಪ್ಪು ಕರಗಿತ್ತು, ಕೂಸು ಬೆಳೆದಿತ್ತು. ಐದನೇ ತಿಂಗಳಲ್ಲಿ ಶುಭದಿನ ನೋಡಿ, ಹೆರಿಗೆ ಸುಸೂತ್ರವಾಗಲೆಂದು ನಮ್ಮ ಕಡೆಯ ಪದ್ಧತಿಯಂತೆ ಹೊಟ್ಟೆಗೆ ಬಿಳಿ ಪಟ್ಟಿ ಕಟ್ಟಿದೆವು. ತವರಿನ ತಾಯಿ ಇಲ್ಲದ ಹುಡುಗಿ, ಹಾಗಾಗಿ ನಾನೇ ಕಟ್ಟಿದೆ. ಅವತ್ತು ಮೊದಲ ಸಲ ಹಡಗಿಗೆ ತಂತಿ ಹೋಯಿತು. ಡಿಸೆಂಬರಿನಲ್ಲಿ ಕೂಸು ಬರುತ್ತದೆ, ಎಲ್ಲರೂ ಕ್ಷೇಮ ಎಂದಷ್ಟೇ. ಮೇ ತಿಂಗಳ ಸುದ್ದಿ ಅದರಲ್ಲಿ ಇರಲಿಲ್ಲ. ಸೇಯಿಚಿಯ ಉತ್ತರ ಮಾರನೆಯ ದಿನವೇ ಬಂತು. ಹಡಗಿನವರೆಲ್ಲ ಅವನ ತಲೆಗೆ ಸಮುದ್ರದ ನೀರು ಸುರಿದು ಕುಣಿದರಂತೆ, ನಾಯಕರು ಬಾಟಲಿ ತೆಗೆದರಂತೆ.

ಸೆಪ್ಟೆಂಬರ್ ನಡುವಿನಲ್ಲಿ, ಆರು ತಿಂಗಳು ಮುಗಿಯುವ ಹೊತ್ತಿಗೆ, ಬಟ್ಟೆ ಒಣಗಿಸುತ್ತಿದ್ದ ಚಿಹಾರುವಿನ ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಸಡಿಲವಾಗಿ ಮತ್ತೆ ಬಿಗಿಯಿತು. ಬಟ್ಟೆಗೆ ರಕ್ತದ ಕಲೆ ತಾಗಿತ್ತು. ಡಾಕ್ಟರು ಹೇಳಿದ್ದನ್ನು ಅವಳು ಮರೆತಿರಲಿಲ್ಲ. ನಾಳೆ ನೋಡೋಣ ಎನ್ನದೆ ಹಗ್ಗದ ಮೇಲೆ ಅರ್ಧ ಬಟ್ಟೆ ಬಿಟ್ಟು, "ಮಾವ, ವ್ಯಾನು," ಎಂದಳು.

ಆಸ್ಪತ್ರೆಯಲ್ಲಿ ಮನೆಗೆ ಬಿಡಲಿಲ್ಲ. ಹೆರಿಗೆ ಈಗಲೇ ಶುರುವಾಗುವ ಹಾಗಿದೆ, ತಡೆದು ನೋಡುತ್ತೇವೆ, ಒಂದೊಂದು ದಿನ ಒಳಗಿದ್ದರೂ ಕೂಸಿಗೆ ಲಾಭ ಎಂದರು. ಕೈಗೆ ಡ್ರಿಪ್ ಹಾಕಿ ಮಲಗಿಸಿದರು. ಮಗ್ಗುಲಾಗುವುದಕ್ಕೂ ಕೇಳಬೇಕು. ಆ ಔಷಧಿಗೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು. ಚಮಚದ ಸಾರು ಬಾಯಿಗೆ ಮುಟ್ಟುವ ಮೊದಲೇ ಅರ್ಧ ಚೆಲ್ಲುತ್ತಿತ್ತು.

ಬಟ್ಟೆ ಒಗೆಯುವ ಪ್ರಶ್ನೆ ಬಂತು. ತೋಕುಜಿಯಣ್ಣ ಒಂದು ಚೀಲ ಹಿಡಿದು ನನ್ನ ಬಾಗಿಲಿಗೆ ಬಂದು, ಕಿವಿ ಕೆಂಪಗೆ ಮಾಡಿಕೊಂಡು, ಇದು ನನ್ನಿಂದ ಆಗುವ ಕೆಲಸವಲ್ಲ ಎಂದರು. ಎರಡು ವಾರ ನಾನು ಒಗೆದುಕೊಟ್ಟೆ. ಆಮೇಲೆ ಮೀನಿನ ಸುಗ್ಗಿ ಶುರುವಾಗಿ ನಮಗೆ ಎರಡೆರಡು ಪಾಳಿ ಬಂತು. ಒಂದು ದಿನ ಕೆಲಸದಿಂದ ಬರುವಾಗ ನೋಡುತ್ತೇನೆ, ಅವರ ಅಂಗಳದ ಗಳುವಿನ ಮೇಲೆ ಬಟ್ಟೆ ಸಾಲಾಗಿ ಹರಡಿದೆ. ಹೊರಗೆ ಕಾಣುವ ಕಡೆ ದೊಡ್ಡ ಟವೆಲುಗಳು, ಮರೆಯಲ್ಲಿ ಚಿಹಾರುವಿನ ಒಳಬಟ್ಟೆಗಳು, ಒಂದೊಂದಕ್ಕೂ ಎರಡೆರಡು ಕ್ಲಿಪ್ಪು.

"ಕಿನು, ನಗಬೇಡ," ಅಂದರು ಬಾಗಿಲಿಂದ.

"ನಾನೆಲ್ಲಿ ನಕ್ಕೆ, ತೋಕುಜಿಯಣ್ಣ?"

"ಒಳಗೊಳಗೆ ನಗ್ತಿದ್ದೀಯ."

ನಿಜ ಹೇಳಬೇಕೆಂದರೆ ನನಗೆ ನಗು ಬಂದಿರಲಿಲ್ಲ. ಗಾಳಿಗೆ ಓರೆಯಾಗಿದ್ದ ಒಂದು ಟವೆಲನ್ನು ನೇರ ಮಾಡಿ ಮನೆಗೆ ಹೋದೆ.

ಅಕ್ಟೋಬರಿನ ಮೊದಲ ಭಾನುವಾರ ರಜೆ ಸಿಕ್ಕಿತೆಂದು ನಾನೂ ಅವರ ಜೊತೆ ಆಸ್ಪತ್ರೆಗೆ ಹೋದೆ. ಮುಂದಿನ ಗುರುವಾರ ಬಂದರಿನ ರೇಡಿಯೊ ಕಚೇರಿಯಿಂದ ಸೇಯಿಚಿಯ ಹಡಗಿನ ಜೊತೆ ಮಾತಾಡುವ ಸರದಿ ಇತ್ತು. ಎರಡು ತಿಂಗಳಿಗೊಮ್ಮೆ ಬರುವ ಸರದಿ. ತೋಕುಜಿಯಣ್ಣ ಸ್ಟೂಲಿನ ಮೇಲೆ ಕೂತು ಸೇಬು ಸುಲಿಯುತ್ತ ಕೇಳಿದರು.

"ಗುರುವಾರ ಅವನು ನಿನ್ನ ಕೇಳ್ತಾನೆ. ಏನು ಹೇಳಲಿ?"

"ಚೆನ್ನಾಗಿದ್ದಾಳೆ ಅನ್ನಿ. ಹೊಟ್ಟೆ ಭಾರ, ಅಷ್ಟು ದೂರ ಬರೋಕಾಗಲಿಲ್ಲ ಅನ್ನಿ."

"ಸುಳ್ಳು ಹೇಳಲಾ?"

"ಅವರಿಗೆ ತಿಳಿಸಿದರೆ ಏನು ಮಾಡ್ತಾರೆ, ಮಾವ? ನಡು ಸಮುದ್ರದಿಂದ ಬರೋಕಾಗುತ್ತಾ? ಹೋದ ವರ್ಷ ಅವರ ಹಡಗಿನವನೊಬ್ಬ ಊರಿನ ಸುದ್ದಿ ಕೇಳಿ ಮನಸ್ಸು ಕೆಡಿಸಿಕೊಂಡು, ಗಾಳದ ಹಗ್ಗಕ್ಕೆ ಕೈ ಕೊಟ್ಟು ಎರಡು ಬೆರಳು ಕಳ್ಕೊಂಡ. ನನ್ನಿಂದ ಹಾಗಾಗಬಾರದು. ನಾನು ಹೇಗೋ ತಡ್ಕೋತೀನಿ."

ತೋಕುಜಿಯಣ್ಣ ಸೇಬಿನ ಸಿಪ್ಪೆಯನ್ನು ಕಡಿಯದೆ ಕೊನೆಯವರೆಗೆ ಸುಲಿದರು. ಹೋಳು ಮಾಡಿ ತಟ್ಟೆಯಲ್ಲಿಟ್ಟರು. ಚಾಕು ಒರೆಸಿ ಮಡಚಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಮಾತು ಶುರು ಮಾಡಿದರು. ಅವರನ್ನು ಇಪ್ಪತ್ತು ವರ್ಷದಿಂದ ಬಲ್ಲ ನಾನು ಈ ವಿಷಯ ಕೇಳಿದ್ದು ಅವತ್ತೇ ಮೊದಲು.

ಸೇಯಿಚಿಗೆ ನಾಲ್ಕು ವರ್ಷವಾಗಿದ್ದಾಗ ಶಿಗೆ ಮತ್ತೆ ಬಸುರಿಯಾಗಿದ್ದಳಂತೆ. ತೋಕುಜಿಯಣ್ಣ ಹಿಂದೂ ಮಹಾಸಾಗರದಲ್ಲಿದ್ದರು. ಮೂರನೇ ತಿಂಗಳಲ್ಲಿ ಅವಳಿಗೂ ರಕ್ತ ಹೋಗಿತ್ತು. ಮಲಗಲು ಪುರುಸೊತ್ತು ಎಲ್ಲಿ, ತಾನಾಗಿ ನಿಂತಿತು. ಏಳನೇ ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಕೂಸು. ಸೂಲಗಿತ್ತಿ ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗಳನ್ನು ಸುತ್ತಲೂ ಇಟ್ಟಳು. ಬೆಳಿಗ್ಗೆ ಹುಟ್ಟಿದ್ದು ಸಂಜೆಯವರೆಗೆ ಇತ್ತು. ಎಲ್ಲ ಮುಗಿದು ಐದು ತಿಂಗಳಾದ ಮೇಲೆ ಹಡಗು ಬಂತು. ಶಿಗೆ ಗಂಡನಿಗೆ ಸ್ನಾನಕ್ಕೆ ನೀರು ಕಾಯಿಸಿ, ಊಟ ಬಡಿಸಿ, ಎರಡನೇ ಸಲ ಅನ್ನ ಹಾಕುವಾಗ ವಿಷಯ ಹೇಳಿದಳು.

"ಯಾಕೆ ತಂತಿ ಕಳಿಸಲಿಲ್ಲ ಅಂತ ಕೇಳಿದೆ," ಅಂದರು ತೋಕುಜಿಯಣ್ಣ. "ತಂತಿ ಕಳಿಸಿದ್ರೆ ನೀವೇ ತಾನೆ ಅದನ್ನ ಬರ್ಕೋಬೇಕಾಗಿದ್ದು, ಅಂದಳು. ಒಂದೊಂದೇ ಅಕ್ಷರ ನಿಮ್ಮ ಕೈಯಿಂದ ಬರೆಸೋಕೆ ಮನಸ್ಸಾಗಲಿಲ್ಲ, ಅಂದಳು."

ಡ್ರಿಪ್ಪಿನ ಹನಿ ಬೀಳುವುದು ಕಾಣಿಸುತ್ತಿತ್ತು.

"ನನ್ನ ಮೇಲಿನ ಕನಿಕರಕ್ಕೇ ಅವಳು ಹಾಗೆ ಮಾಡಿದ್ದು, ಅದು ಗೊತ್ತು. ಆದರೆ ಆ ಐದು ತಿಂಗಳು ನಾನು ಹಡಗಲ್ಲಿ ಹಾಡು ಕೇಳ್ಕೊಂಡು, ಇಸ್ಪೀಟು ಆಡ್ಕೊಂಡು ಇದ್ದೆ. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಎಲ್ಲಾದರೂ ಮುಖ ಮುಚ್ಕೊಳ್ಳೋಣ ಅನ್ಸುತ್ತೆ. ಆಮೇಲೆ ಅವಳನ್ನ ಒಂದು ಮಾತೂ ಕೇಳಲಿಲ್ಲ ನಾನು. ಕೂಸು ಹೇಗಿತ್ತು, ಯಾರನ್ನ ಹೋಲ್ತಿತ್ತು, ಅವಳು ಹೇಗಿದ್ಲು, ಒಂದೂ ಕೇಳಲಿಲ್ಲ. ಅಲ್ಲಿ ಇಲ್ಲದವನು ಕೇಳೋದು ಹೇಗೆ ಅನ್ನಿಸ್ತು. ಹಾಗೇ ಇಪ್ಪತ್ತು ವರ್ಷ ಹೋಯ್ತು. ಅವಳೂ ಹೋದಳು." ಅವರು ಸೇಬಿನ ತಟ್ಟೆಯನ್ನು ಅವಳ ಕಡೆ ಸರಿಸಿದರು. "ನಿನಗೆ ಬೇಡ ಅನ್ನಿಸಿದ್ರೆ ನಾನು ಹೇಳಲ್ಲ, ಚಿಹಾರು. ಮಾತು ಕೊಡ್ತೀನಿ. ಆದರೆ ಹಡಗಲ್ಲಿರೋರು ಗಾಜಿನ ಗೊಂಬೆಗಳಲ್ಲ."

ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಚಿಹಾರು, "ನನ್ನ ಕೈ ನಡುಗುತ್ತೆ ಮಾವ, ನೀವೇ ಬರೀರಿ," ಅಂದಳು.

ಅವರು ಜೇಬಿನಿಂದ ಪೆನ್ಸಿಲು ತೆಗೆದರು. ಅವಳು ಯೋಚಿಸಿ ಯೋಚಿಸಿ ಹೇಳಿದಳು. ಕೂಸು ಬೇಗ ಹುಟ್ಟಬಹುದು. ಮೂರು ವಾರದಿಂದ ಆಸ್ಪತ್ರೆಯಲ್ಲಿ ಮಲಗಿದ್ದೇನೆ. ಮಾವ ನೋಡಿಕೊಳ್ಳುತ್ತಿದ್ದಾರೆ. ಹೆದರಿಕೆಯಾಗುತ್ತಿದೆ. ನೀವು ಜೋಪಾನ. ಬರೆದದ್ದನ್ನು ಓದಿಸಿಕೊಂಡು, ಹೆದರಿಕೆಯ ಮಾತು ಹೊಡೆದುಹಾಕಿ ಎಂದಳು.

"ಅದಿರಲಿ," ಅಂದರು ತೋಕುಜಿಯಣ್ಣ. "ಉಳಿದದ್ದು ಡಾಕ್ಟರೂ ಹೇಳಬಹುದು. ಅದೊಂದು ಮಾತ್ರ ನಿನ್ನದು."

ಸೋಮವಾರ ತಂತಿ ಹೋಯಿತು. ಗುರುವಾರ ರೇಡಿಯೊ ಕಚೇರಿಗೆ ನನ್ನನ್ನೂ ಕರೆದರು. ಅಲ್ಲಿ ಗುಟ್ಟೆಂಬುದೇ ಇಲ್ಲ. ಸರದಿಗೆ ಕಾದು ಕೂತ ಹತ್ತು ಹನ್ನೆರಡು ಹೆಂಗಸರು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾರೆ. ಸೇಯಿಚಿಯ ದನಿ ಗರಗರ ಸದ್ದಿನ ನಡುವೆ ಮೇಲೇರುತ್ತ ಇಳಿಯುತ್ತ ಬಂತು. ತಂತಿ ಸಿಕ್ಕಿತು ಎಂದ. ಆಮೇಲೆ ಎಷ್ಟು ಹೊತ್ತು ಸುಮ್ಮನಿದ್ದನೆಂದರೆ ಕಚೇರಿಯವನು ಸಂಪರ್ಕ ಕಡಿಯಿತೆಂದು ಗುಂಡಿ ತಿರುಗಿಸತೊಡಗಿದ.

"ಅಪ್ಪಾ, ಅವಳಿಗೆ ಹೇಳು," ಎಂದಿತು ದನಿ. "ಹೆದರಿಕೆ ಆಗ್ತಿದೆ ಅಂದಿದ್ದಾಳಲ್ಲ, ನನಗೂ ಆಗ್ತಿದೆ ಅಂತ ಹೇಳು. ಮೂರು ದಿನದಿಂದ ಬೇರೆ ಏನೂ ತಲೇಲಿಲ್ಲ. ನಾಯಕರಿಗೆ ಹೇಳಿದ್ದೀನಿ, ನನ್ನನ್ನ ಹಗ್ಗದ ಕೆಲಸದಿಂದ ತೆಗೆದು ಐಸ್ ಕೋಣೆಗೆ ಹಾಕಿದ್ದಾರೆ. ಕೈ ಬೆರಳು ಹತ್ತೂ ಇವೆ ಅಂತ ಹೇಳು. ಓವರ್."

ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ತೋಕುಜಿಯಣ್ಣ ಅಷ್ಟನ್ನೂ ಕಾಗದದ ಮೇಲೆ ಒಂದಕ್ಷರ ಬಿಡದೆ ಬರೆದುಕೊಂಡು, ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದರು. ಚಿಹಾರು ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಅವತ್ತು ಮಧ್ಯಾಹ್ನ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತೆಂದು ಆಮೇಲೆ ನನಗೆ ಹೇಳಿದಳು.

ಇನ್ನೂ ಎರಡು ವಾರ ಕೂಸು ಒಳಗೇ ಉಳಿಯಿತು. ಅಕ್ಟೋಬರ್ ಇಪ್ಪತ್ತೊಂದರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೀರು ಒಡೆಯಿತು. ಇನ್ನು ತಡೆಯುವುದಿಲ್ಲ, ಮೂವತ್ತೊಂದು ವಾರ ದಾಟಿಸಿದ್ದೀರಿ, ಇದು ಸಣ್ಣ ಮಾತಲ್ಲ ಎಂದು ಡಾಕ್ಟರು ಅವಳ ಹಣೆ ಸವರಿ ಡ್ರಿಪ್ ನಿಲ್ಲಿಸಿದರು. ಮಧ್ಯಾಹ್ನ ಎರಡಕ್ಕೆ ಗಂಡು ಕೂಸು ಹುಟ್ಟಿತು. ಚಿಹಾರು ಕಂಡದ್ದು ನರ್ಸಿನ ಕೈಯಲ್ಲಿ ಹಾದುಹೋದ ಒಂದು ಕೆಂಪು ಪಾದವನ್ನಷ್ಟೆ. ಅಳುವಿನ ಸದ್ದು ಬೆಕ್ಕಿನ ಮರಿಯ ಹಾಗೆ ಒಮ್ಮೆ ಬಂದು ನಿಂತಿತು.

ಗಾಜಿನ ಪೆಟ್ಟಿಗೆಯಲ್ಲಿ ಅವನನ್ನು ಮನೆಯವರ ಪೈಕಿ ಮೊದಲು ನೋಡಿದವರು ತೋಕುಜಿಯಣ್ಣ. ಹಸಿರು ನಿಲುವಂಗಿ ತೊಟ್ಟು, ಟೊಪ್ಪಿಗೆ ಹಾಕಿಕೊಂಡು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಚಿಹಾರುವಿನ ಹತ್ತಿರ ಕೂತಿದ್ದೆ. ಅವಳ ಕಣ್ಣು ಬಾಗಿಲಲ್ಲೇ ಇತ್ತು. ಅವರು ಬಂದು ಮಂಚದ ಪಕ್ಕ ನೆಟ್ಟಗೆ ನಿಂತು ವರದಿ ಒಪ್ಪಿಸಿದರು.

"ಒಂದು ಸಾವಿರದ ಐನೂರ ನಲವತ್ತು ಗ್ರಾಂ. ಮೂಗಿಗೆ ನಳಿಗೆ ಹಾಕಿದ್ದಾರೆ, ಉಸಿರಿಗೆ ಯಂತ್ರ ಸಹಾಯ ಮಾಡ್ತಿದೆ. ಎರಡು ಮೂರು ದಿನ ಬೇಕಾಗಬಹುದಂತೆ. ಬೆರಳು ನನ್ನ ಪೆನ್ಸಿಲಿನ ಮೊನೆಯಷ್ಟಿದೆ, ಉಗುರು ಬಂದಿದೆ. ತಲೆ ತುಂಬ ಕೂದಲು. ಕಾಲು ಒದೀತಿದ್ದಾನೆ. ಸಿಟ್ಟು ಬಂದಿದೆ ಅನ್ನಿಸುತ್ತೆ."

"ಯಾರನ್ನ ಹೋಲ್ತಾನೆ, ಮಾವ?"

ಅವರು ಟೊಪ್ಪಿಗೆಯನ್ನು ಕೈಯಲ್ಲಿ ಹಿಂಡಿದರು. ಚಿಹಾರುವೇ ಕೈ ಚಾಚಿ ಅವರ ತೋಳು ಹಿಡಿದುಕೊಂಡಳು.

ಮೂರು ದಿನ ಎಂದದ್ದು ಐದು ದಿನವಾಯಿತು. ಒಮ್ಮೆ ಉಸಿರು ಮರೆತು ಕೂಸು ನೀಲಿಯಾಗಿ, ನರ್ಸು ಅಂಗಾಲು ಚಿವುಟಿ ಎಬ್ಬಿಸಿದರು. ಕಾಮಾಲೆಗೆ ಬೆಳಕಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಆಮೇಲೆ ಯಂತ್ರ ತೆಗೆದರು, ನಳಿಗೆಯಲ್ಲಿ ಹಾಲು ಹಾಕತೊಡಗಿದರು, ಮೊದಲ ದಿನ ಒಂದು ಚಮಚ, ಆಮೇಲೆ ಎರಡು.

ಹದಿನಾಲ್ಕು ದಿನದೊಳಗೆ ಊರ ಕಚೇರಿಯಲ್ಲಿ ಹೆಸರು ಬರೆಸಬೇಕು. ಹೆಸರು ಅಪ್ಪನೇ ಇಡಲಿ ಎಂದು ಚಿಹಾರುವಿನ ಹಟ. ಒಂಬತ್ತನೆಯ ದಿನ ಹಡಗಿನಿಂದ ತಂತಿ ಬಂತು: ವತಾರು. ತಂತಿಯಲ್ಲಿ ಬರುವುದು ಉಚ್ಚಾರ ಮಾತ್ರ. ಯಾವ ಅಕ್ಷರದಲ್ಲಿ ಬರೆಯಬೇಕೆಂಬುದು ಬರುವುದಿಲ್ಲ, ಅದೇ ಉಚ್ಚಾರಕ್ಕೆ ಬೇರೆ ಬೇರೆ ಅರ್ಥದ ನಾಲ್ಕಾರು ಚಿತ್ರಾಕ್ಷರಗಳಿವೆ. ಹಡಗಿನವನ ಮಗ, ಹಡಗಿನ ಅಕ್ಷರವನ್ನೇ ಇಡೋಣ ಎಂದೆ ನಾನು. ತೋಕುಜಿಯಣ್ಣ ಕಾಗದದ ಮೇಲೆ ಎಲ್ಲವನ್ನೂ ಬರೆದು ನೋಡಿ, ನೀರು ಮತ್ತು ನಡಿಗೆ ಸೇರಿದ ಅಕ್ಷರದ ಸುತ್ತ ಗೆರೆ ಎಳೆದರು. ನೀರನ್ನು ಕಾಲಿನಿಂದಲೇ ದಾಟುವುದು ಎಂದು ಅದರ ಅರ್ಥ. ಚಿಹಾರುವಿಗೂ ಅದೇ ಹಿಡಿಸಿತು.

ಅವಳನ್ನು ಆರನೆಯ ದಿನವೇ ಮನೆಗೆ ಕಳಿಸಿದ್ದರು, ಕೂಸು ಅಲ್ಲೇ ಉಳಿದಿತ್ತು. ಎದೆಹಾಲು ಹಿಂಡಿ ಸಣ್ಣ ಚೀಲಗಳಲ್ಲಿ ತುಂಬಿ ಐಸ್ ಮಾಡಿ ಇಡುತ್ತಿದ್ದಳು. ಬಾಣಂತಿ ದಿನಾ ಎರಡು ಗಂಟೆ ವ್ಯಾನಿನಲ್ಲಿ ಕುಲುಕಾಡುವುದು ಬೇಡವೆಂದು, ಅವಳು ಎರಡು ದಿನಕ್ಕೊಮ್ಮೆ ಹೋದರೆ ತೋಕುಜಿಯಣ್ಣ ದಿನಾ ಹೋಗುತ್ತಿದ್ದರು. ಮೊದಲ ದಿನ ಹಾಲನ್ನು ಮನೆಯಲ್ಲಿದ್ದ ಐಸ್ ಪೆಟ್ಟಿಗೆಯಲ್ಲೇ ಒಯ್ದರು. ನರ್ಸು ಮುಚ್ಚಳ ತೆಗೆದು ಮೂಗು ಮುರಿದು, "ಅಜ್ಜ, ಇದರಲ್ಲಿ ಮುಂಚೆ ಏನು ತರ್ತಿದ್ರಿ?" ಎಂದಳಂತೆ. ಬೊಂಡಾಸ ಮೀನು ಎಂದರಂತೆ ಇವರು. ಹಾಲಿನ ಚೀಲಗಳನ್ನೇನೋ ಚಿಹಾರು ಬಿಗಿಯಾಗಿ ಮುಚ್ಚಿದ್ದಳು, ಆದರೂ ಅವತ್ತೇ ಹೊಸ ಪೆಟ್ಟಿಗೆ ಕೊಂಡು, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಹಾಲು ಮಾತ್ರ' ಎಂದು ಬರೆದರು. ಮಳೆಯಿರಲಿ, ಗಾಳಿಯಿರಲಿ, ಬೆಳಿಗ್ಗೆ ಎಂಟಕ್ಕೆ ವ್ಯಾನು ಹೊರಡುವ ಸದ್ದು ನನಗೆ ಕೇಳಿಸಬೇಕು. ಬಂದು ಹೊಸಲಿನಲ್ಲೇ ನಿಂತು ತೂಕ ಹೇಳುತ್ತಿದ್ದರು. "ಇಪ್ಪತ್ತೆರಡು ಗ್ರಾಂ ಏರಿದ್ದಾನೆ." ಮರುದಿನ, "ಐದು ಗ್ರಾಂ ಇಳಿದಿದ್ದಾನೆ. ಕಕ್ಕ ಮಾಡಿದ್ದಕ್ಕೆ ಅಂತೆ, ಹೆದರಬೇಕಾಗಿಲ್ಲ." ಊರಿನ ಹೆಂಗಸರು ಮೀನು ಕೊಯ್ಯುವ ಮೇಜಿನಲ್ಲಿ ನನ್ನನ್ನು ಕೇಳುತ್ತಿದ್ದದ್ದೂ ಅದನ್ನೇ, ಇವತ್ತು ಎಷ್ಟಂತೆ ಎಂದು.

ಡಿಸೆಂಬರ್ ಎಂಟರಂದು ವತಾರು ಮನೆಗೆ ಬಂದ. ಎರಡು ಸಾವಿರದ ಮುನ್ನೂರೈವತ್ತು ಗ್ರಾಂ. ಬರುವಾಗ ತೋಕುಜಿಯಣ್ಣ ಎಷ್ಟು ನಿಧಾನ ಓಡಿಸಿದರೆಂದರೆ, ಹಿಂದೆ ಹದಿನೈದು ಗಾಡಿ ಸಾಲಾಗಿ ಬರುತ್ತಿದ್ದವಂತೆ. ಒಬ್ಬ ಲಾರಿಯವನು ಹಾರ್ನು ಹೊಡೆದು ಪಕ್ಕಕ್ಕೆ ಬಂದು ಬೈಯಲು ಬಾಯಿ ತೆರೆದವನು, ಹಿಂದೆ ಚಿಹಾರುವಿನ ಮಡಿಲಲ್ಲಿದ್ದುದನ್ನು ಕಂಡು ಕೈಯೆತ್ತಿ ಮುಂದೆ ಹೋದನಂತೆ.

ಫೆಬ್ರವರಿ ಕೊನೆಗೆ ಹಡಗು ಬಂತು. ದಕ್ಕೆಯ ಮೇಲೆ ಹಿಮ ಬೀಳುತ್ತಿತ್ತು. ಸೇಯಿಚಿ ಇಳಿದು ಬಂದು, ಹೆಂಡತಿಯ ಮುಂದೆ ನಿಂತು, ಕಂಬಳಿಯೊಳಗಿನ ಮುಖವನ್ನು ನೋಡಿದ. ಕೈ ಚಾಚಲಿಲ್ಲ. ಹತ್ತು ತಿಂಗಳ ಉಪ್ಪುನೀರಿಗೆ ಒಡೆದ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಕೈ ಒರಟು," ಎಂದ.

"ಅವನಿಗೆ ಅಭ್ಯಾಸ ಇದೆ," ಅಂದರು ತೋಕುಜಿಯಣ್ಣ. "ತಲೆ ಕೆಳಗೆ ಕೈ ಕೊಡು. ಹಾಗಲ್ಲ. ಮೊಣಕೈ ಎತ್ತು. ಹೂಂ, ಈಗ ಸರಿ."

ಕೂಸು ಅಪ್ಪನ ಗಡ್ಡ ನೋಡಿ ಕಿರುಚಿಕೊಂಡಿತು. ಇಡೀ ದಕ್ಕೆ ನಕ್ಕಿತು. ಚಿಹಾರು ನಗುತ್ತಲೇ ಗಂಡನ ತೋಳಿಗೆ ಹಣೆಯಿಟ್ಟು ನಿಂತಳು, ಆಮೇಲೆ ಅವಳ ಭುಜ ಕುಲುಕಿದ್ದನ್ನು ಕಂಡು ನಾವೆಲ್ಲ ಬೇರೆ ಕಡೆ ತಿರುಗಿದೆವು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ತೋಕುಜಿಯಣ್ಣ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಮೇಲೆ ಹತ್ತಿಯ ಕೋಟು ಹೊದ್ದು ನನ್ನ ಬಾಗಿಲಿಗೆ ಬಂದರು. ಚಹಾ ಕೊಟ್ಟೆ. ಮನೆಯಲ್ಲಿ ಏನು ನಡೆದಿದೆ ಎಂದು ನಾನು ಕೇಳುವ ಮೊದಲೇ ಹೇಳಿದರು.

"ಅವನು ಕೇಳ್ತಿದ್ದಾನೆ. ರಕ್ತ ಕಂಡ ಮೊದಲ ದಿನದಿಂದ ಹಿಡಿದು. ಅವತ್ತು ಏನಾಯ್ತು, ನೋವಿತ್ತಾ, ನೀನು ಏನು ಅಂದ್ಕೊಂಡೆ, ಎಲ್ಲಾನೂ. ಇವಳು ಹೇಳ್ತಿದ್ದಾಳೆ. ನಾನು ಅಲ್ಲಿ ಕೂತಿರೋದು ಸರಿಯಲ್ಲ ಅನ್ನಿಸ್ತು."

ಒಲೆಯ ಹತ್ತಿರ ಕೂತು ಇಬ್ಬರೂ ಚಹಾ ಕುಡಿದೆವು. ಶಿಗೆಯ ಮಾತು ಬಂತು. ಏಳನೇ ತಿಂಗಳಿಗೇ ಹುಟ್ಟಿ ಸಂಜೆಯವರೆಗಷ್ಟೇ ಇದ್ದ ಒಂದು ಹೆಣ್ಣು ಕೂಸಿನ ತಲೆತುಂಬ ಕೂದಲಿತ್ತು ಎಂದು ಸೂಲಗಿತ್ತಿ ನನ್ನ ಅತ್ತೆಯ ಹತ್ತಿರ ಯಾವತ್ತೋ ಹೇಳಿದ್ದಳು. ಯಾವ ಕೂಸೆಂದು ಆಗ ನನಗೆ ಗೊತ್ತಿರಲಿಲ್ಲ, ಈಗ ಹೊಂದಿಸಿಕೊಂಡು ಅವರಿಗೆ ಹೇಳಿದೆ. ಅವರು ಲೋಟವನ್ನು ಎರಡು ಕೈಯಲ್ಲಿ ಹಿಡಿದು, "ಹೌದಾ," ಎಂದರು. ತುಸು ಹೊತ್ತಾದ ಮೇಲೆ ಮತ್ತೆ, "ಹೌದಾ," ಎಂದರು.

ಬೆನ್ನಿನ ಮೇಲೆ ವತಾರು ಎದ್ದು ಕುಸುಗುಟ್ಟಿದ. ಮುಷ್ಟಿ ಬಾಯಿಗೆ ಹಾಕಿಕೊಂಡು ಚೀಪಿದ, ಅದರಿಂದ ಏನೂ ಬರಲಿಲ್ಲವೆಂದು ರಾಗ ತೆಗೆದ.

"ಹಸಿವು ಅವನಿಗೆ, ಕರ್ಕೊಂಡು ಹೋಗಿ," ಅಂದೆ.

"ಇನ್ನೈದು ನಿಮಿಷ ಅಳಲಿ. ಅವರ ಮಾತು ಮುಗೀಲಿ," ಅಂದರು.

ಎರಡು ನಿಮಿಷವೂ ತಡೆಯಲಾಗಲಿಲ್ಲ ಅವರಿಗೆ. ಎದ್ದು, ಕೋಟನ್ನು ಕೂಸಿನ ತಲೆಯ ಮೇಲೆ ಎಳೆದುಕೊಂಡು, ಹಿಮದ ಮೇಲೆ ಜಾರದ ಹಾಗೆ ಹೆಜ್ಜೆ ನೋಡಿ ನೋಡಿ ಇಡುತ್ತ ಮನೆಯ ಕಡೆ ನಡೆದರು.